ಬ್ಯಾಡಗಿಯ ಕೆಂಪು, ಕೃಷ್ಣಮೃಗದ ಕಪ್ಪು

ಬ್ಯಾಡಗಿ ಮಾರುಕಟ್ಟೆಯಲ್ಲಿ ಸುಗ್ಗಿಯ ಕಾಲಕ್ಕೆ ಮೆಣಸಿನಕಾಯಿ ರಾಶಿಯೆದುರು ಕ್ಯಾಮೆರಾ ಹಿಡಿದವರಿಗೆ ಮೊದಲು ಕೈಕೊಡುವುದು ಕೆಂಪು. 2011ರಲ್ಲಿ ಭೌಗೋಳಿಕ ಸೂಚಿ ಪಡೆದ ಈ ಕಾಯಿ ಹೆಸರಾಗಿರುವುದು ಖಾರಕ್ಕಿಂತ ಬಣ್ಣಕ್ಕೆ. ಜೆಪೆಗ್ ಚಿತ್ರದಲ್ಲಿ ಮಾತ್ರ ಎಷ್ಟೋ ಸಲ ಆ ಸುಕ್ಕು, ಆ ಹೊಳಪು ಅಳಿಸಿಹೋಗಿ ಇಡೀ ರಾಶಿ ಒಂದೇ ಕೆಂಪು ತೇಪೆಯಾಗಿಬಿಡುತ್ತದೆ.

ಹಸಿರು, ನೀಲಿ ಇನ್ನೂ ಕೆಳಗಿರುವಾಗಲೇ ಕೆಂಪಿನ ಅಳತೆ ತುಂಬಿ ತುಳುಕುವುದು ಇದಕ್ಕೆ ಕಾರಣ. 8 ಬಿಟ್‌ನ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಸಿಗುವುದು 256 ಹಂತ. 14 ಬಿಟ್‌ನ ರಾ (ಸಂಸ್ಕರಿಸದ) ಕಡತದಲ್ಲಿ 16,384. ಜೆಪೆಗ್ ಕುಟ್ಟಿದ ಖಾರದಪುಡಿಯಾದರೆ ರಾ ಇಡೀ ಕಾಯಿ, ಎಷ್ಟು ನುಣ್ಣಗೆ ಬೇಕೆಂಬುದನ್ನು ಆಮೇಲೆ ನಿರ್ಧರಿಸಬಹುದು. ಇಲ್ಲೊಂದು ಸೂಕ್ಷ್ಮವಿದೆ. ರಾದಲ್ಲಿ ತೆಗೆಯುವಾಗಲೂ ಬಹುತೇಕ ಕ್ಯಾಮೆರಾಗಳ ಪರದೆಯ ಹಿಸ್ಟೊಗ್ರಾಮ್ (ಬೆಳಕಿನ ಹಂಚಿಕೆ ತೋರುವ ನಕ್ಷೆ) ಹುಟ್ಟುವುದು ಜೆಪೆಗ್ ಮುನ್ನೋಟದಿಂದ. ಹಾಗಾಗಿ ಕೆಂಪೊಂದೇ ತುಳುಕಿದ್ದನ್ನು ಗುರುತಿಸಲು, ಕ್ಯಾಮೆರಾ ಕೊಳ್ಳುವ ಮುನ್ನ ಮೆಗಾಪಿಕ್ಸೆಲ್‌ಗಿಂತ ಮೊದಲು ಕೇಳಬೇಕಾದದ್ದು, ಮೂರೂ ಬಣ್ಣಗಳ ಹಿಸ್ಟೊಗ್ರಾಮ್ ಬೇರೆ ಬೇರೆಯಾಗಿ ಕಾಣುತ್ತದೆಯೇ ಎಂಬುದು.

ರಾಣೆಬೆನ್ನೂರಿನದು ಬೇರೆಯೇ ಪರೀಕ್ಷೆ. 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಗಂಡಿನ ಬೆನ್ನು ಕಡುಗಪ್ಪು, ಹೊಟ್ಟೆ ಅಚ್ಚಬಿಳಿ. ಸುಡುಬಿಸಿಲಿನಲ್ಲಿ ಬಿಳಿ ಸುಟ್ಟುಹೋಗದಂತೆ ಎಕ್ಸ್‌ಪೋಷರ್ ಇಳಿಸಿ ತೆಗೆದರೆ, ಬೆನ್ನಿನ ಕೂದಲಿನ ವಿವರವನ್ನು ರಾ ಕಡತದಿಂದ ಆಮೇಲೆ ಮೇಲೆತ್ತಬಹುದು.

ಆದರೆ ಬಯಲಿನ ಮೃಗ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. 300 ಮಿಲಿಮೀಟರಿಗಿಂತ ಕಡಿಮೆಯ ಲೆನ್ಸಿನಲ್ಲಿ ಅದು ಚುಕ್ಕೆಯಾಗಿಯೇ ಉಳಿಯುತ್ತದೆ. ಇದ್ದಬದ್ದ ಹಣವನ್ನೆಲ್ಲ ಹೊಸ ಕ್ಯಾಮೆರಾಕ್ಕೆ ಸುರಿಯುವುದಕ್ಕಿಂತ, ಸಣ್ಣ ಸೆನ್ಸರಿನ ಸೆಕೆಂಡ್ ಹ್ಯಾಂಡ್ ಎಪಿಎಸ್-ಸಿ ಕ್ಯಾಮೆರಾ ಕೊಂಡು ಉಳಿದದ್ದನ್ನು ಲೆನ್ಸಿಗೆ ಹಾಕುವುದು ಜಾಣತನ.

ತಂತ್ರಾಂಶದಲ್ಲಿ ಲೈಟ್‌ರೂಮ್ ಸಲೀಸು; ಆದರೆ ಚಂದಾ ಕಟ್ಟುತ್ತಲೇ ಇರಬೇಕು. ಡಾರ್ಕ್‌ಟೇಬಲ್, ರಾಥೆರಪಿ ಉಚಿತ. ಕಲಿಯಲು ತಾಳ್ಮೆ ಬೇಕು, ಕಲಿತರೆ ಕೆಂಪಿನ ಮೇಲೆ ಪೂರ್ತಿ ಹಿಡಿತ. ಕ್ಯಾಮೆರಾದ ಕಡತವನ್ನು ತಂತ್ರಾಂಶ ಓದುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಕ್ಯಾನನ್ 2018ರಲ್ಲಿ ತಂದ ಸಿಆರ್3 ಕಡತಗಳು ಡಾರ್ಕ್‌ಟೇಬಲ್‌ನಲ್ಲಿ ತೆರೆಯಲು 2021ರ ಕೊನೆಯವರೆಗೆ ಕಾಯಬೇಕಾಯಿತು.

ಇನ್ನು ಜಾಗದ ಲೆಕ್ಕ. ಒಂದು ರಾ ಚಿತ್ರ 25 ಎಂಬಿ ಎಂದಿಟ್ಟುಕೊಂಡರೂ 64 ಜಿಬಿ ಕಾರ್ಡು ಸುಮಾರು 2,500 ಚಿತ್ರಕ್ಕೆ ತುಂಬುತ್ತದೆ; ಜಿಗಿಯುವ ಮೃಗದ ಹಿಂದೆ ಬಿದ್ದ ಬರ್ಸ್ಟ್‌ಗೆ ಅದೇನೂ ಹೆಚ್ಚಲ್ಲ. ಕ್ಯಾಮೆರಾದ ಬಜೆಟ್ಟಿನಲ್ಲೇ ಎರಡು ಹಾರ್ಡ್‌ಡಿಸ್ಕ್‌ಗಳ ಬೆಲೆಯನ್ನೂ ಸೇರಿಸಿ, ಒಂದನ್ನು ಬೇರೆ ಮನೆಯಲ್ಲಿಡಬೇಕು.