ಯಾರ್ ಹಟ್ಟಿ ಮೊಗ ಇದು?

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಮದುವೆಗೆ ಹೊರಟವರನ್ನು ಗುರುತಿಸಲು ಸೀರೆ ಒಡವೆ ನೋಡಬೇಕಿಲ್ಲ, ಬ್ಯಾಗು ನೋಡಿದರೆ ಸಾಕು. ಮಾದಪ್ಪನ ಬೆಟ್ಟಕ್ಕೆ ಹೊರಟವರ ಕೈಲಿ ಒಂದು ಚೀಲ, ಅದರೊಳಗೆ ಟವಲ್ಲು, ತೆಂಗಿನಕಾಯಿ, ಒಂದು ಜೊತೆ ಬಟ್ಟೆ. ಮದುವೆಗೆ ಹೊರಟ ಮಕ್ಕಳೊಂದಿಗಳದು ಹಾಗಲ್ಲ. ಒಂದರಲ್ಲಿ ಮಡಿಕೆ ಮುರಿಯದ ರೇಷ್ಮೆ ಸೀರೆ, ಇನ್ನೊಂದರಲ್ಲಿ ಮುಯ್ಯಿಗೆಂದು ಕೊಂಡ ಸ್ಟೀಲ್ ಕೊಳಗ, ಆ ಕೊಳಗದ ಹೊಟ್ಟೆಯೊಳಗೆ ಜಾಗ ಹಾಳಾಗಬಾರದೆಂದು ತುರುಕಿದ ಚಡ್ಡಿ, ಕುಲಾವಿ, ಹಾಲಿನ ಬಾಟಲಿ. ಭುಜಕ್ಕೆ ಬಿಸಿನೀರಿನ ಫ್ಲಾಸ್ಕು. ಸೊಂಟದ ಮೇಲೆ ಒಂದು ಕೂಸು. ಸೆರಗು ಹಿಡಿದು ಒಂದು ಹೆಣ್ಣು, ಯಾರನ್ನೂ ಹಿಡಿಯದೆ ಮಜ್ಜಿಗೆ ಮಾರುವವನ ಮುಂದೆ ನಿಂತುಬಿಟ್ಟ ಒಂದು ಗಂಡು.

ಜ್ಯೇಷ್ಠದ ಕೊನೆಯ ಮುಹೂರ್ತಗಳು. ಆಷಾಢ ಬರುವುದರೊಳಗೆ ಮುಗಿಸಬೇಕಾದ ಮದುವೆಗಳೆಲ್ಲ ಒಂದೇ ವಾರಕ್ಕೆ ಬಂದು ಬಿದ್ದಿವೆ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿಯುವ ಈ ತಾಯಿಗೆ ತಮ್ಮನ ಮದುವೆ. ಗಂಡ ಮುಂಚೆಯೇ ಬೈಕಿನಲ್ಲಿ ಹೋಗಿದ್ದಾನೆ, ಚಪ್ಪರದ ಕೆಲಸವಿದೆ ಎಂದು. ಮಕ್ಕಳೊಡನೆ ಬಸ್ಸು ಹತ್ತಬೇಕಾದ ದಿನವೇ ಗಂಡಸರಿಗೆ ಚಪ್ಪರದ ಕೆಲಸ ಬರುತ್ತದೆ. ಕನಕಪುರ, ಮಳವಳ್ಳಿ ದಾಟಿ, ಸತ್ತೇಗಾಲದ ಹತ್ತಿರ ಕಾವೇರಿ ದಾಟಿ ಇಲ್ಲಿಗೆ ಬಂದಿಳಿಯುವ ಹೊತ್ತಿಗೇ ಮೂವರಲ್ಲಿ ಇಬ್ಬರು ಒಂದೊಂದು ಸಲ ಅತ್ತು ಮುಗಿಸಿದ್ದಾರೆ. ಈ ಊರಿಗೆ ರೈಲಿಲ್ಲ. ಮಕ್ಕಳನ್ನು ಓಡಾಡಿಸಲು, ಜೋಲಿ ಕಟ್ಟಲು, ಕಕ್ಕಸಿಗೆ ಕರೆದೊಯ್ಯಲು ರೈಲಿನಂಥ ಅನುಕೂಲ ಇನ್ನೊಂದಿಲ್ಲ. ಅದು ಇಲ್ಲದ ಕಡೆ ಬಸ್ಸಿನ ಕಿಟಕಿಯೇ ಗತಿ.

ಕಿಟಕಿ ಎಂದರೆ ಬರೀ ಗಾಳಿಗಲ್ಲ. ಬೆಟ್ಟದ ಕಡೆಯ ಬಸ್ಸು ನಿಲ್ದಾಣಕ್ಕೆ ತಿರುಗುತ್ತಿದ್ದಂತೆಯೇ ಜನ ಬಾಗಿಲಿಗೆ ಮುತ್ತಿದರು. ಕರ್ಚೀಫು ಎಸೆದು ಸೀಟು ಹಿಡಿಯುವುದು ಹಳೆಯ ಪದ್ಧತಿ. ಕರ್ಚೀಫನ್ನು ಯಾರಾದರೂ ಎತ್ತಿ ಪಕ್ಕಕ್ಕಿಡಬಹುದು, ಮಗುವನ್ನು ಹಾಗೆ ಎತ್ತಿಡಲಾಗದು. ಆದ್ದರಿಂದ ಗುರುತು ಪರಿಚಯವಿಲ್ಲದ ಒಬ್ಬ ಯುವಕ ನಮ್ಮ ಮಜ್ಜಿಗೆಯ ವೀರನನ್ನು ಸೊಂಟ ಹಿಡಿದೆತ್ತಿ ಕಿಟಕಿಯೊಳಗೆ ಬಿಟ್ಟ. ಅವನು ಮೂರು ಸೀಟಿನ ಮೇಲೆ ಉದ್ದಕ್ಕೆ ಮಲಗಿ, ಬಂದವರಿಗೆಲ್ಲ ‘ನಮ್ಮವ್ವ ಬತ್ತಾಳ’ ಎಂದು ಹೇಳುತ್ತ ಕೋಟೆ ಕಾದ. ನಾನು ಕೂತದ್ದು ಅವರ ಹಿಂದೆ. ನಾನೂ ಅದೇ ಮದುವೆಗೆ, ಗಂಡಿನ ಕಡೆಯ ದೂರದ ನೆಂಟಸ್ತಿಕೆ.

ಟಿಕೆಟಿನ ಹೊತ್ತು ಬಂತು. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆ ಇರುವುದರಿಂದ ಅವ್ವನಿಗೆ ಸೊನ್ನೆ ರೂಪಾಯಿಯ ಚೀಟಿ, ಮಗಳಿಗೂ ಅದೇ. ಆರು ತುಂಬದ ಕೂಸಿಗೆ ಹೇಗೂ ಟಿಕೆಟಿಲ್ಲ. ಕಂಡಕ್ಟರ್ ಹುಡುಗನ ಕಡೆ ತಿರುಗಿ ಕೇಳಿದರು, “ಇವ್ನ್ ವಯಸ್ಸೆಷ್ಟವ್ವಾ?” ಅವಳು ಬಾಯಿ ತೆರೆಯುವ ಮೊದಲೇ ಅವನು ಏಳು ಎಂದ, ಬೆರಳೆತ್ತಿ ತೋರಿಸಿದ ಕೂಡ. ಆರರಿಂದ ಹನ್ನೆರಡರ ಗಂಡುಮಕ್ಕಳಿಗೆ ಅರ್ಧ ಟಿಕೆಟು. ಆ ಸೀಟಿನಲ್ಲಿ ದುಡ್ಡು ಕೊಟ್ಟು ಕೂತವನು ತಾನೊಬ್ಬನೇ ಎಂಬ ಹೆಮ್ಮೆ ಅವನಿಗೆ, ಆ ಚೀಟಿಯನ್ನು ಅಂಗಿಯ ಜೇಬಿನಲ್ಲಿ ಹೊರಗೆ ಕಾಣುವಂತೆ ಇಟ್ಟುಕೊಂಡ.

ಮಧುವನಹಳ್ಳಿ ದಾಟಿತು. ಕಾಮಗೆರೆ ಬರುವಷ್ಟರಲ್ಲಿ ಹೆಣ್ಣುಮಗು ಮಾತು ನಿಲ್ಲಿಸಿತು. ಮಕ್ಕಳನ್ನು ಬಲ್ಲವರಿಗೆ ಇದರ ಅರ್ಥ ತಿಳಿದಿರುತ್ತದೆ. ತುಟಿ ಬಿಳುಪೇರಿ, ಹಣೆ ಬೆವರಿ, ಕಣ್ಣು ಒಂದೇ ಕಡೆ ನೆಟ್ಟಿತು. 2 ವರ್ಷದೊಳಗಿನ ಕೂಸುಗಳನ್ನು ಬಸ್ಸಿನ ವಾಂತಿ ಅಷ್ಟಾಗಿ ಕಾಡುವುದಿಲ್ಲ, 2ರಿಂದ 12ರವರೆಗಿನವರೇ ಅದರ ಗಿರಾಕಿಗಳು. ಒಳಗಿವಿ ‘ಮೈ ಅಲುಗುತ್ತಿದೆ’ ಎನ್ನುತ್ತದೆ. ಮೊಬೈಲಿನಲ್ಲೋ ಮುಂದಿನ ಸೀಟಿನ ಬೆನ್ನಿನಲ್ಲೋ ನೆಟ್ಟ ಕಣ್ಣು ‘ಇಲ್ಲವಲ್ಲ’ ಎನ್ನುತ್ತದೆ. ಈ ವ್ಯಾಜ್ಯದ ತೀರ್ಪು ಹೊಟ್ಟೆಯಲ್ಲಿ. ತಾಯಿ ಮೊಬೈಲು ಕಿತ್ತುಕೊಂಡು ಮಗಳನ್ನು ಕಿಟಕಿಗೆ ಸರಿಸಿ, ‘ದೂರದ್ ಗುಡ್ಡ ನೋಡು, ಹತ್ರದ್ ಮರ ನೋಡ್ಬ್ಯಾಡ’ ಎಂದಳು. ವೈದ್ಯರೂ ಇದನ್ನೇ ಹೇಳುವುದು. ಬಸ್ಸು ಮಾತ್ರ ವೈದ್ಯರನ್ನು ಕಾಯದೆ ಔಷಧಿ ಕೊಡತೊಡಗಿತು. ಮುಂದಿನಿಂದ ಒಂದು ನಿಂಬೆಹಣ್ಣು ಬಂತು. ಪಕ್ಕದಿಂದ ಹುಣಸೆಹಣ್ಣಿನ ಉಂಡೆ. ಹಿಂದಿನಿಂದ ಪ್ಲಾಸ್ಟಿಕ್ ಕವರು. ಕೊನೆಗೆ ಕೆಲಸಕ್ಕೆ ಬಂದದ್ದು ಕವರೇ. ಗಲೀಜಾಯಿತೆಂದು ಯಾರೂ ಮುಖ ಸಿಂಡರಿಸಲಿಲ್ಲ. ಮಕ್ಕಳನ್ನು ಎತ್ತಿಕೊಂಡು ಇದೇ ರಸ್ತೆಯಲ್ಲಿ ಓಡಾಡದವರು ಆ ಬಸ್ಸಿನಲ್ಲಿ ಯಾರಿದ್ದರು?

ದೊಡ್ಡವರಿಗೆ ಈ ರಸ್ತೆಯ ನೆನಪೇ ಬೇರೆ. ಮಾಜಿ ಸಚಿವ ಎಚ್. ನಾಗಪ್ಪನವರನ್ನು 2002ರ ಆಗಸ್ಟ್ 25ರ ರಾತ್ರಿ ಕಾಡುಗಳ್ಳ ವೀರಪ್ಪನ್ ಎತ್ತಿಕೊಂಡು ಹೋದದ್ದು ಇದೇ ಕಾಮಗೆರೆಯ ಮನೆಯಿಂದ. ಆ ಡಿಸೆಂಬರಿನಲ್ಲಿ ಸಿಕ್ಕಿದ್ದು ಅವರ ಶವ. ಅದಕ್ಕೂ ಹತ್ತು ವರ್ಷ ಹಿಂದೆ, 1992ರಲ್ಲಿ, ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ. ಅದೇ ವರ್ಷ ಮೀಣ್ಯದ ಹತ್ತಿರ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಅವರ ಹತ್ಯೆ. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸಾಯುವವರೆಗೆ ಕತ್ತಲಾದ ಮೇಲೆ ಮಕ್ಕಳನ್ನು ಕರೆದುಕೊಂಡು ಈ ಕಡೆ ನೆಂಟರ ಮನೆಗೆ ಹೊರಡಲು ಜನರಿಗೆ ಧೈರ್ಯವಿರಲಿಲ್ಲ. ನನ್ನ ಪಕ್ಕ ಕೂತಿದ್ದ ಹಿರಿಯರು ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ಹುಡುಗನಿಗೆ ಕೇಳಿಸಿತೇನೋ ಎಂದು ಬಗ್ಗಿ ನೋಡಿದರು. ಅವನಿಗೆ ಹೊರಗೆ ಒಂದು ಕೋತಿ ಸಿಕ್ಕಿತ್ತು. ಅದು ಮರಿಯನ್ನು ಹೊಟ್ಟೆಗೆ ತಗುಲಿಸಿಕೊಂಡು ಓಡುತ್ತಿದೆಯೆಂದು ಬಸ್ಸಿಗೆಲ್ಲ ಕೂಗಿ ಹೇಳುತ್ತಿದ್ದ.

ಹನೂರು ಬಿಟ್ಟ ಮೇಲೆ ಗುಡ್ಡಗಳು ರಸ್ತೆಯ ಹತ್ತಿರಕ್ಕೆ ಬರುತ್ತವೆ. ಮೊದಲ ಮಳೆ ಬಿದ್ದ ಹೊಲಗಳಲ್ಲಿ ಕೆಂಪು ಮಣ್ಣು ಬಾಯಿ ಬಿಟ್ಟಿತ್ತು. ಜೋಳಕ್ಕೆ ಉತ್ತವರು ಕೆಲವರು, ಇನ್ನೊಂದು ಮಳೆಗೆ ಕಾಯುವವರು ಹಲವರು. ಶಿವರಾತ್ರಿಗೂ ಯುಗಾದಿಗೂ ಸಾವಿರಾರು ಜನ ಬರಿಗಾಲಲ್ಲಿ ನಡೆದು ಬೆಟ್ಟಕ್ಕೆ ಹೋಗುವ ದಾರಿ ಇದು. ಆಗ ಊರೂರಿನಲ್ಲಿ ಪಾನಕ, ಮಜ್ಜಿಗೆ, ಅನ್ನ. ಈಗ ದಾರಿ ಖಾಲಿ. ಕೌದಳ್ಳಿಯಲ್ಲಿ ಬಸ್ಸು ನಿಂತಾಗ ಮೊದಲು ಇಳಿದದ್ದು ಕೊಳಗ, ಆಮೇಲೆ ಹುಡುಗ, ಆಮೇಲೆ ಉಳಿದವರು.

ಮದುವೆ ಮನೆಯ ದಾರಿ ಕೇಳಬೇಕಾಗಲಿಲ್ಲ. ಬೀದಿಯ ಬಾಯಿಗೆ ಬಾಳೆಕಂಬ, ಮೈಕಿನಲ್ಲಿ ಮಾದಪ್ಪನ ಪದ. ಚಪ್ಪರದ ಮೈ ಈಗ ಶಾಮಿಯಾನದ ಬಟ್ಟೆ, ಮುಖಕ್ಕೆ ಮಾತ್ರ ಶಾಸ್ತ್ರಕ್ಕೆ ತೆಂಗಿನ ಗರಿ, ಹಸಿರು ಸೊಪ್ಪು. ಅದರ ಕೆಳಗೆ ಕಾಲಿಡುತ್ತಿದ್ದಂತೆಯೇ ಒಂದು ಕೈ ಬಂದು ಸೊಂಟದ ಮೇಲಿನ ಕೂಸನ್ನು ಎತ್ತಿಕೊಂಡಿತು. “ಯಾರ್ ಹಟ್ಟಿ ಮೊಗ ಇದು?” ಎಂದಳು ಆ ಕೈಯ ಒಡತಿ. ತಾಯಿ ಉತ್ತರ ಹೇಳುವಷ್ಟರಲ್ಲಿ ಕೂಸು ಎರಡನೆಯ ಮಡಿಲಿನಲ್ಲಿತ್ತು. ಅಲ್ಲಿಂದ ಮೂರನೆಯದಕ್ಕೆ. ಮೂಗು ದೊಡ್ಡವ್ವನದು, ಹಣೆ ತಾತನದು, ಅಳು ಮಾತ್ರ ಅಪ್ಪನ ಕಡೆಯದು ಎಂದು ಪಾಲು ಪಟ್ಟಿಯೂ ಆಯಿತು. ಆಮೇಲೆ ಸಂಜೆಯವರೆಗೆ ಆ ತಾಯಿ ಎರಡು ಕೈ ಬೀಸಿಕೊಂಡು ಓಡಾಡಿದಳು.

ಇದನ್ನು ನೋಡುತ್ತ ನನಗನಿಸಿದ್ದು ಇಷ್ಟು. ಹಟ್ಟಿಯ, ಅಂದರೆ ಮನೆಯ, ಮುಂದಿನ ಚಪ್ಪರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಕಷ್ಟ, ಹೋಗಿ ಸೇರಿದ ಮೇಲೆ ಸುಲಭ. ಪಟ್ಟಣದ ಛತ್ರಕ್ಕೆ ಹೋಗುವುದು ಸುಲಭ, ಹೋದ ಮೇಲೆ ಕಷ್ಟ. ಅಲ್ಲಿ ಕೆಂಪು ಕುರ್ಚಿಗಳ ಸಾಲು, ವೇದಿಕೆಗೊಂದು ಕ್ಯೂ, ಊಟಕ್ಕೊಂದು ಕ್ಯೂ. ಮಗು ಇಡೀ ಹೊತ್ತು ಅದರ ತಾಯಿಯದೇ. ಕುರ್ಚಿಯಲ್ಲಿ ಕೂತವರು ಮೊಬೈಲಿನಿಂದ ತಲೆಯೆತ್ತಿ ‘ಸೋ ಕ್ಯೂಟ್’ ಎನ್ನುತ್ತಾರೆ, ಕೈ ಚಾಚುವುದಿಲ್ಲ. ಚಪ್ಪರದಲ್ಲಿ ಜಮಖಾನ ಹಾಸಿರುತ್ತದೆ. ನೆಲದ ಮೇಲೆ ಕೂತವರಿಗೆ ಮಡಿಲು ತಾನಾಗಿ ಒದಗುತ್ತದೆ. ಲಗ್ನಪತ್ರಿಕೆಯಲ್ಲಿ ಹೆಸರು ಬರದ ಒಂದು ಹುದ್ದೆಯೂ ಇಲ್ಲುಂಟು. ಹಿತ್ತಲಲ್ಲಿ ಸೌದೆ ಒಲೆಯ ಮೇಲೆ ಸಾರಿನ ಕೊಳಗ ಕುದಿಯುತ್ತಿತ್ತು. ಅದಕ್ಕೂ ಮಕ್ಕಳಿಗೂ ನಡುವೆ ಒಬ್ಬ ತಾತ ಕೋಲು ಹಿಡಿದು ಕುರ್ಚಿ ಹಾಕಿಕೊಂಡು ಕೂತಿದ್ದರು. ಮದುವೆ ಮುಗಿಯುವವರೆಗೆ ಅವರು ಏಳಲಿಲ್ಲ. ಊಟ ಅಲ್ಲಿಗೇ ಬಂತು.

ಸಂಜೆಗೆ ಬರಗೂರು ಬೆಟ್ಟದ ನೆಂಟರು ಗರಿಕೆಕಂಡಿ ದಾಟಿ ಬಂದರು, ತಾಳವಾಡಿ ಕಡೆಯವರು ಇನ್ನಷ್ಟು ಹೊತ್ತಾಗಿ. ಅವೆರಡೂ ಈಗ ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿವೆ. 1956ರವರೆಗೆ ಕೊಳ್ಳೇಗಾಲವೂ ಆ ಕಡೆಯದೇ, ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯದು. ಗಡಿ ಬಂದ ಮೇಲೂ ಹೆಣ್ಣು ಕೊಡುವುದು ತರುವುದು ನಿಲ್ಲಲಿಲ್ಲ. ಬರಗೂರಿನ ಮಕ್ಕಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ನಮ್ಮ ಅರ್ಧ ಟಿಕೆಟಿನವನದು ಬೆಂಗಳೂರಿನ ಶಾಲೆಯ ಇಂಗ್ಲಿಷು. ಚಪ್ಪರದ ಗೂಟದ ಸುತ್ತ ಕಂಬದಾಟ ಶುರುವಾದಾಗ ಎಣಿಕೆ ಒಂದು ಭಾಷೆಯಲ್ಲಿ, ಜಗಳ ಇನ್ನೊಂದರಲ್ಲಿ, ದೂರು ಮಾತ್ರ ಎಲ್ಲರದೂ ಕನ್ನಡದಲ್ಲಿ, ಏಕೆಂದರೆ ದೂರು ಕೇಳುವ ಅಜ್ಜಿಗೆ ಬರುತ್ತಿದ್ದುದು ಅದೊಂದೇ.

ಆ ಅಜ್ಜಿ ಅರಿಶಿನ ಕುಟ್ಟುವವರ ಪಕ್ಕ ಗೋಡೆಗೊರಗಿ ಕೂತಿದ್ದರು. ಸೋಬಾನೆ ಪದ ಹೇಳುವವರಲ್ಲಿ ಉಳಿದ ಕೊನೆಯ ಇಬ್ಬರಲ್ಲಿ ಒಬ್ಬರು. ವಾಂತಿಯಿಂದ ಸುಸ್ತಾದ ಹೆಣ್ಣುಮಗು ಅವರ ತೊಡೆಯ ಮೇಲೆ ಮಲಗಿತ್ತು. ಅದರ ತಲೆ ನೇವರಿಸುತ್ತ ಅವರು ಹೇಳಿದರು: “ನನ್ ಮದ್ವಗ ನಾನೂ ಹಿಂಗೇ ಬಂದಿ ಕನ ಮೊಗ. ಗಾಡಿಲಿ ನಿದ್ದ ಹತ್ಬುಟ್ಟಿತ್ತು. ಎಬ್ಬುರ್ಸಿ ಹಸಮಣಗ ಕೂರ್ಸುದ್ರು.” ಸುತ್ತಲಿದ್ದವರು ನಕ್ಕರು, ಅಜ್ಜಿಯೂ ನಕ್ಕರು. ಲೆಕ್ಕ ಹಾಕಿದರೆ ಅದು ಮದರಾಸಿನ ಕಾಲ. ಹೆಣ್ಣಿಗೆ ಹದಿನಾಲ್ಕು ತುಂಬದೆ ಮದುವೆ ಮಾಡಬಾರದೆಂಬ ಶಾರದಾ ಕಾಯಿದೆ 1929ರಲ್ಲೇ ಆಗಿತ್ತು. ಕಾಯಿದೆ ಈ ಗುಡ್ಡಗಳ ನಡುವಿನ ಗಾಡಿ ದಾರಿಗೆ ಬರಲು ಬಹಳ ತಡವಾಯಿತು. 1978ರಲ್ಲಿ ಆ ವಯಸ್ಸು ಹದಿನೆಂಟಾಯಿತು. ಈಗಲೂ ಅದು ಎಲ್ಲ ಹಟ್ಟಿಗಳ ಬಾಗಿಲಿಗೂ ಬಂದಿದೆಯೆಂದು ನಾನು ಆಣೆ ಮಾಡಲಾರೆ. ಯಾರೋ ಒಬ್ಬರು ಬಾಯಿ ಚಪಲಕ್ಕೆ, ‘ಇವಳ್ದು ಯಾವಾಗ?’ ಎಂದು ಕೆಣಕಿದರು. ಅಜ್ಜಿ ನಗು ನಿಲ್ಲಿಸಿದರು. “ಓದ್ಲಿ ಮೊದ್ಲು. ಗಾಡಿಲಿ ಮನಿಕಂಡ್ ಬಂದವ್ಳು ನಾನೊಬ್ಳೇ ಸಾಕು” ಎಂದು ಆ ಮಾತನ್ನು ಅಲ್ಲಿಗೇ ಮುರಿದರು.

ರಾತ್ರಿ ಜಮಖಾನದ ಮೇಲೆ ಮಕ್ಕಳನ್ನು ಅಡ್ಡಡ್ಡ ಸಾಲಾಗಿ ಮಲಗಿಸಿದರು. ಒಂದು ಕಂಬಳಿಗೆ ನಾಲ್ಕು. ಕೂಸಿಗೆ ಅತ್ತೆಯ ಹಳೆಯ ಸೀರೆಯಲ್ಲಿ ತೊಲೆಗೆ ಜೋಲಿ. ನಿದ್ದೆ ಎಂಬುದು ಅಲ್ಲಿ ಪಾಳಿಯ ಮೇಲೆ ನಡೆಯಿತು. ಒಂದು ಎದ್ದು ಅತ್ತರೆ ಪಕ್ಕದ್ದು, ಪಕ್ಕದ್ದು ಮಲಗುವಾಗ ತುದಿಯದು. ಬೆಳಗಿನ ಜಾವ ವಾಲಗದವರು ಶ್ರುತಿ ಹಿಡಿಯುವಾಗ ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು: ಈಗಷ್ಟೇ ಎಲ್ಲ ಒಟ್ಟಿಗೆ ಮಲಗಿದ್ದವು.

ಧಾರೆಯ ಹೊತ್ತಿಗೆ ನಡೆಯಬೇಕಾದ್ದೇ ನಡೆಯಿತು. ಅಕ್ಷತೆ ಹಂಚಿದ ಗಳಿಗೆಯಲ್ಲೇ ಮಕ್ಕಳು ಅದನ್ನು ಎಸೆದು ಮುಗಿಸಿದ್ದರು, ಮದುಮಗನ ಮೇಲಲ್ಲ, ಪರಸ್ಪರ. ದೊಡ್ಡವರ ಮುಷ್ಟಿ ಬಿಡಿಸಿ ಇನ್ನಷ್ಟು ಕಿತ್ತುಕೊಂಡರು. ‘ಗಟ್ಟಿಮೇಳ! ಗಟ್ಟಿಮೇಳ!’ ಎಂಬ ಕೂಗಿಗೆ ಡೋಲು ನಾಗಸ್ವರ ಒಟ್ಟಿಗೆ ಹೊಡೆದುಕೊಂಡಾಗ ಜೋಲಿಯ ಕೂಸು ಬೆಚ್ಚಿ ಕಿರುಚಿತು. ತಮ್ಮನ ತಾಳಿ ಕಟ್ಟು ನೋಡಲೆಂದು ಬೆಂಗಳೂರಿನಿಂದ ಬಂದ ಅಕ್ಕ ಆ ಒಂದು ನಿಮಿಷ ಒಳಮನೆಯಲ್ಲಿ ಕೂಸಿನ ಕಿವಿ ಮುಚ್ಚಿಕೊಂಡು ನಿಂತಿದ್ದಳು. ಹೊರಗೆ ಬಂದಾಗ ಎಲ್ಲರ ಕೈ ಖಾಲಿ. ಹುಡುಗ ಜೇಬಿನಿಂದ ನಾಲ್ಕು ಕಾಳು ತೆಗೆದು ಕೊಟ್ಟ. ಜೊತೆಗೆ ನಿನ್ನೆಯ ಬಸ್ ಟಿಕೆಟೂ ಬಂತು. ಅವಳು ಎರಡನ್ನೂ ಎಸೆದುಬಿಟ್ಟಳು, ಅವನು ಟಿಕೆಟಿಗಾಗಿ ಹಸೆಮಣೆಯ ಕೆಳಗೆ ನುಸುಳಿದ.

ಊಟದಲ್ಲಿ ಮಕ್ಕಳ ಎಲೆಗೆ ಬಡಿಸಿದ ಕೋಸಂಬರಿ, ಪಲ್ಯ, ಸಾರು ಯಾವುದೂ ಕರಗಲಿಲ್ಲ. ಹಪ್ಪಳ, ಪಾಯಸ ಎರಡು ಸುತ್ತು ಹೋದವು.

ಮದುವೆಯ ಮಾರನೆ ದಿನ ಹೊಸ ಜೋಡಿಯನ್ನು ಮಾದಪ್ಪನ ಸನ್ನಿಧಿಗೆ ಕರೆದೊಯ್ಯುವುದು ಆ ಮನೆಯ ರೂಢಿ. ತಾಳಬೆಟ್ಟದಿಂದ ಮೇಲಕ್ಕೆ ಬರೀ ತಿರುವು. ಟೆಂಪೊ ಡ್ರೈವರ್ ಮೊದಲೇ ಕರಾರು ಹಾಕಿದ: “ವಾಂತಿ ಮಾಡ ಮಕ್ಳ ಕಿಟಕಿಗ ಕೂರ್ಸಿ. ಆಮ್ಯಾಕ ನನ್ನ ಬಯ್ಬ್ಯಾಡಿ.” ಒಬ್ಬಳು ನಿಂಬೆಹಣ್ಣು ಎಣಿಸಿದಳು, ಇನ್ನೊಬ್ಬಳು ಕವರು. ಅಕ್ಕ ಮಕ್ಕಳನ್ನು ಎಣಿಸಿದಳು. ಒಂಬತ್ತಿರಬೇಕಿತ್ತು, ಹತ್ತಾಯಿತು. ಮತ್ತೆ ಎಣಿಸಿದಳು, ಹತ್ತೇ. ಕೊನೆಯ ಸೀಟಿನಲ್ಲಿ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡ ಒಬ್ಬ, ಎಲ್ಲರಿಗಿಂತ ಅಚ್ಚುಕಟ್ಟಾಗಿ ಕೈಕಟ್ಟಿ ಕೂತಿದ್ದ. ಬರಗೂರಿನವರು ತಮ್ಮವನಲ್ಲ ಎಂದರು. ತಾಳವಾಡಿಯವರೂ ಅಲ್ಲವೆಂದರು. ನಿನ್ನೆ ಮೊನ್ನೆಯಿಂದ ಅವನು ಆ ಸಾಲಿನಲ್ಲೇ ಮಲಗಿದ್ದನೆಂದು ಮಕ್ಕಳು ಸಾಕ್ಷಿ ಹೇಳಿದರು. ಯಾರ ಹಟ್ಟಿಯವನೋ ಎಂದು ಡ್ರೈವರ್ ಕೇಳಿದ್ದಕ್ಕೆ ಬೀದಿಯ ಆಚೆ ತುದಿಗೆ ಬೆರಳು ಮಾಡಿದ. ಅಜ್ಜಿ ಟೆಂಪೊದ ಕಿಟಕಿಯಿಂದ ತಲೆ ಹಾಕಿ ಆ ಮನೆಯ ಕಡೆ ಕೂಗಿದರು, “ನಿನ್ ಮಗ ಬೆಟ್ಟಕ್ಕ ಬತ್ತಾವ್ನ ಕನವ್ವೋ, ಸಂಜಗ ತಂದ್ ಬುಡ್ತೀವಿ!” ಅಲ್ಲಿಂದ ‘ಹೂಂ’ ಎಂದು ಒಂದು ದನಿ ಬಂತು. “ಅವ್ನಿಗೂ ಒಂದ್ ಕವರ್ ಕೊಡ್ರವ್ವ” ಎಂದು ಡ್ರೈವರ್ ಗಾಡಿ ಎತ್ತಿದ.