ಎಲೆಯ ಮೇಣ, ಕಡಲ ಹೂಳು

ಕೆಸುವಿನೆಲೆಯ ಮೇಲೆ ನೀರು ನಿಲ್ಲದೆ ಉರುಳುವುದಕ್ಕೆ ಎಲೆಯ ಹೊರಮೈಯ ಮೇಣವೂ ಕಾರಣ. ಎಲೆ ಕೊಳೆತು ಗೊಬ್ಬರವಾದರೂ ಈ ಮೇಣ ಅಷ್ಟು ಸುಲಭಕ್ಕೆ ಕೊಳೆಯುವುದಿಲ್ಲ. ತರೀಕೆರೆ ಸೀಮೆಯ ಕಾಡಿನಲ್ಲಿ ಉದುರಿದ ಎಲೆಯ ಮೇಣ ಮಳೆನೀರಿಗೆ ಸಿಕ್ಕಿ, ಹೂಳಿನ ಜೊತೆ ಭದ್ರೆ, ತುಂಗಭದ್ರೆ, ಕೃಷ್ಣೆ ಹಾದು ಬಂಗಾಳ ಕೊಲ್ಲಿಯ ತಳಕ್ಕೆ ಹೋಗುವ ದಾರಿಯಿದೆ. ಈಗ ನಡುವೆ ಲಕ್ಕವಳ್ಳಿ ಅಣೆಕಟ್ಟು ಅಡ್ಡ ನಿಂತಿದೆ, ಆ ಮಾತು ಬೇರೆ.

ಹೂಳು ಸೇರಿದ ಈ ಮೇಣ ಹಳೆಯ ಹವಾಮಾನವನ್ನು ಹೇಳಬಲ್ಲದು. ಆದರೆ ಅದರ ಬೆನ್ನು ಹತ್ತಿದವರಿಗೆ ಮೊದಲಿಗೆ ಹವಾಮಾನದ ಯೋಚನೆಯೇ ಇರಲಿಲ್ಲ. 1960ರ ದಶಕದ ಆರಂಭದಲ್ಲಿ ಗ್ಲಾಸ್ಗೋದಲ್ಲಿದ್ದ ರಸಾಯನ ವಿಜ್ಞಾನಿ ಜೆಫ್ರಿ ಎಗ್ಲಿಂಟನ್ ಮತ್ತು ಸಂಗಡಿಗರು ಕ್ಯಾನರಿ ದ್ವೀಪಗಳ ಗಿಡಗಳನ್ನು ಮೇಣ ನೋಡಿ ವಿಂಗಡಿಸಬಹುದೇ ಎಂದು ಪರೀಕ್ಷಿಸುತ್ತಿದ್ದರು. ಮೇಣದ ಹೈಡ್ರೋಕಾರ್ಬನ್ ಸರಪಣಿಗಳಲ್ಲಿ ಕಾರ್ಬನ್ ಪರಮಾಣುಗಳ ಲೆಕ್ಕ ಹೆಚ್ಚಾಗಿ ಬೆಸಸಂಖ್ಯೆಯೇ: 27, 29, 31. ಹೂಳಿನಲ್ಲಿ ಈ ಲೆಕ್ಕ ಕಂಡರೆ ಅದು ನೆಲದ ಗಿಡದಿಂದ ಬಂದದ್ದೆಂದು ಊಹಿಸಬಹುದು.

ಕಡಲಿನ ಸ್ವಂತ ಗುರುತು ಸಿಕ್ಕಿದ್ದು ಇನ್ನೂ ಸೊಗಸಾದ ರೀತಿಯಲ್ಲಿ. ಅಟ್ಲಾಂಟಿಕ್ ತಳದ ವಾಲ್ವಿಸ್ ದಿಣ್ಣೆಯ ಕೆಸರಿನಲ್ಲಿ 1970ರ ದಶಕದ ಕೊನೆಗೆ ಅಪರಿಚಿತ ಉದ್ದ ಅಣುಗಳು ಕಂಡವು. ಯಾರವು ಎಂದು ಗೊತ್ತಿರಲಿಲ್ಲ. 1980ರಲ್ಲಿ ವಾರಸುದಾರ ಸಿಕ್ಕಿತು: ಎಮಿಲಿಯಾನಿಯಾ ಹಕ್ಸ್ಲೆಯಿ ಎಂಬ ಸೂಕ್ಷ್ಮ ಪಾಚಿ. ಅಣುಗಳ ಹೆಸರು ಆಲ್ಕೆನೋನ್. ನೀರು ತಣ್ಣಗಾದಷ್ಟೂ ಮೂರು ಜೋಡಿಬಂಧದ ಆಲ್ಕೆನೋನ್ ಹೆಚ್ಚು, ಬೆಚ್ಚಗಾದಷ್ಟೂ ಎರಡರದ್ದು ಹೆಚ್ಚು. ಪಾಚಿ ಸತ್ತು ತಳ ಸೇರಿದರೂ ಈ ಪ್ರಮಾಣ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಅದರಿಂದ ಹಳೆಯ ಕಡಲಿನ ಬಿಸಿ ಅಳೆಯಬಹುದೆಂದು ಬ್ರಾಸೆಲ್, ಎಗ್ಲಿಂಟನ್ ಮತ್ತಿತರರು 1986ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು.

ಕತೆ ನಮ್ಮ ಕಡೆ ತಿರುಗಿದ್ದು ಮಗನ ಕಾಲಕ್ಕೆ. 2006ರಲ್ಲಿ ಗೋದಾವರಿ ಮುಖದಾಚೆ ಕಡಲ ತಳದಿಂದ ಕೊರೆದು ತೆಗೆದ ಹೂಳನ್ನು ಕಮಿಲೊ ಪಾಂಟನ್, ಲಿವಿಯು ಜಿಯೋಸನ್ ಮುಂತಾದವರು ಪರೀಕ್ಷಿಸಿದರು. ತಂಡದಲ್ಲಿ ಜೆಫ್ರಿಯವರ ಮಗ ಟಿಮೊಥಿ ಎಗ್ಲಿಂಟನ್ ಕೂಡ ಇದ್ದರು. ಜೋಳ, ರಾಗಿಯಂಥ ಹುಲ್ಲುಜಾತಿಯ ಮೇಣದಲ್ಲಿ ಕಾರ್ಬನ್-13 ಎಂಬ ತುಸು ಭಾರದ ಕಾರ್ಬನ್‌ನ ಪಾಲು ಮರಗಳ ಮೇಣಕ್ಕಿಂತ ಹೆಚ್ಚು. ಹೂಳಿನ ಪದರಗಳಲ್ಲಿ ಆ ಪಾಲು ಸುಮಾರು 4,000 ವರ್ಷಗಳ ಹಿಂದಿನಿಂದ 1,700 ವರ್ಷಗಳ ಹಿಂದಿನವರೆಗೆ ಏರುತ್ತಾ ಬಂದಿತ್ತು. ಅಂದರೆ ಒಣ ಹವೆಗೆ ಒಗ್ಗುವ ಆ ಹುಲ್ಲುಗಳು ಹೆಚ್ಚುತ್ತಿದ್ದವು, ದಖ್ಖನ್ ಒಣಗುತ್ತಿತ್ತು. ದಕ್ಷಿಣದಲ್ಲಿ ನೆಲೆನಿಂತ ಬೇಸಾಯ ಬೇರೂರಿದ್ದು ಈ ಒಣಕಾಲದಲ್ಲೇ ಎಂದು 2012ರ ಅವರ ಪ್ರಬಂಧ ಹೇಳುತ್ತದೆ.

ಒಂದೇ ಕೊರೆತದ ಮಾತನ್ನು ನಂಬಬೇಕೇ ಎಂದು ಕೇಳುವವರಿಗೆ ಕಾರವಾರದತ್ತ ಬೆರಳು ತೋರಿಸಬಹುದು. ಅಲ್ಲಿನ ಕಡಲ ಹೂಳಿನ ಮೇಲೆ 1994ರಲ್ಲೇ ಪ್ರಕಟವಾದ ಅಧ್ಯಯನ, ಸುಮಾರು 3,500 ವರ್ಷಗಳಿಂದ ಪಶ್ಚಿಮ ಕರಾವಳಿಯಲ್ಲೂ ತೇವ ಕಡಿಮೆಯಾಗಿದೆ ಎಂದಿತ್ತು.