ಜೆಎಸ್‌ಪಿ ಪುಟಕ್ಕೆ ಕಾಣುವ ಕುಕಿ ಎಷ್ಟು?

ಜಾವಾದಲ್ಲಿ ವೆಬ್ ಪುಟ ಕಟ್ಟುವವರಿಗೆ ಕುಕಿಯ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳ ಬೇರು ಬಹುಮಟ್ಟಿಗೆ ಒಂದೇ: ಕುಕಿ ಸರ್ವರ್‌ನಲ್ಲೇ ಇದೆ, ಬೇಕೆಂದಾಗ ತೆಗೆದು ನೋಡಬಹುದು ಎಂಬ ನಂಬಿಕೆ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಅದನ್ನು ರೂಪಿಸಿದಂದಿನಿಂದಲೂ ಕುಕಿ ಉಳಿಯುವುದು ಬ್ರೌಸರ್‌ನಲ್ಲಿ. ರಿಕ್ವೆಸ್ಟ್ ಜೊತೆ ಬ್ರೌಸರ್ ಏನನ್ನು ಕಳಿಸಿತೋ ಜೆಎಸ್‌ಪಿಗೆ ಸಿಗುವುದು ಅಷ್ಟೇ.

ತಪ್ಪು ಕಲ್ಪನೆ: ಕುಕಿ ಸೇರಿಸಿದ ಮೇಲೆ ಕೆಳಗಿನ ಸಾಲಿನಲ್ಲೇ ಅದನ್ನು ಓದಬಹುದು.

ಸತ್ಯ: ಆಗದು. ಬಳಕೆದಾರ ಭಾಷೆಯನ್ನು ಇಂಗ್ಲಿಷ್‌ನಿಂದ ಕನ್ನಡಕ್ಕೆ ಬದಲಿಸಿದ ಎನ್ನಿ. ಹೊಸ ಕುಕಿ ಹೊರಟಿರುವುದು ರೆಸ್ಪಾನ್ಸ್‌ನಲ್ಲಿ. ಪುಟ ಓದುತ್ತಿರುವುದು ಆಗಲೇ ಬಂದಿದ್ದ ರಿಕ್ವೆಸ್ಟನ್ನು. ಹಾಗಾಗಿ ಪುಟ ಇಂಗ್ಲಿಷ್‌ನಲ್ಲೇ ಬರುತ್ತದೆ, ರಿಫ್ರೆಶ್ ಒತ್ತಿದರೆ ಕನ್ನಡವಾಗುತ್ತದೆ. ಹೊಸ ಬೆಲೆಯನ್ನು ರಿಕ್ವೆಸ್ಟ್ ಆಟ್ರಿಬ್ಯೂಟ್ ಆಗಿಯೂ ಇಡಿ, ಇಲ್ಲವೇ ರೀಡೈರೆಕ್ಟ್ ಮಾಡಿ.

ತಪ್ಪು ಕಲ್ಪನೆ: ಕುಕಿ ಒಂದೂ ಇಲ್ಲದಿದ್ದರೆ ಖಾಲಿ ಅರೇ ಸಿಗುತ್ತದೆ.

ಸತ್ಯ: ಗೆಟ್‌ಕುಕೀಸ್ ಕೊಡುವುದು ನಲ್. ಅದರ ಮೇಲೆ ಲೂಪ್ ಓಡಿಸಿದರೆ ನಲ್ ಪಾಯಿಂಟರ್ ಎಕ್ಸೆಪ್ಶನ್. ಈ ದೋಷ ಬರೆದವರ ಕಣ್ಣಿಗೆ ಬೀಳುವುದೇ ಅಪರೂಪ. ಜೆಎಸ್‌ಪಿ ಪುಟ ತಾನಾಗಿಯೇ ಸೆಷನ್ ತೆರೆಯುತ್ತದೆ, ಹಾಗಾಗಿ ಅವರ ಬ್ರೌಸರ್‌ನಲ್ಲಿ ಸೆಷನ್ ಕುಕಿಯಾದರೂ ಇದ್ದೇ ಇರುತ್ತದೆ. ಪುಟ ಕುಸಿಯುವುದು ಮೊದಲ ಸಲ ಬಂದ ಗ್ರಾಹಕನ ಮುಂದೆ! ಪುಟದೊಳಗೆ ಜಾವಾ ಲೂಪ್ ಬರೆಯುವ ಬದಲು ಎಕ್ಸ್‌ಪ್ರೆಶನ್ ಲ್ಯಾಂಗ್ವೇಜ್‌ನ ‘ಕುಕಿ’ ಮ್ಯಾಪ್ ಬಳಸುವುದೇ ಮೇಲು. ಕುಕಿ ಇಲ್ಲದಿದ್ದರೆ ಅದು ಸುಮ್ಮನೆ ಖಾಲಿ ಬಿಡುತ್ತದೆ.

ಅದರಲ್ಲೂ ಒಂದು ಕೊಕ್ಕೆ ಇದೆ. ಕುಕಿಯ ಹೆಸರಲ್ಲಿ ಹೈಫನ್ ಇದ್ದು, ಅದನ್ನು ಡಾಟ್ ಹಾಕಿ ಬರೆದರೆ ಹೈಫನ್ ಕಳೆಯುವ ಚಿಹ್ನೆಯಾಗುತ್ತದೆ. ಇಲ್ಲದ್ದರಿಂದ ಇಲ್ಲದ್ದನ್ನು ಕಳೆದು ಪುಟದಲ್ಲಿ 0 ಮೂಡುತ್ತದೆ, ದೋಷದ ಸಂದೇಶವೂ ಇರುವುದಿಲ್ಲ. ಅಂಥ ಹೆಸರನ್ನು ಉದ್ಧರಣ ಚಿಹ್ನೆ ಹಾಕಿ ಚೌಕ ಬ್ರಾಕೆಟ್‌ನಲ್ಲಿ ಬರೆಯಬೇಕು.

ತಪ್ಪು ಕಲ್ಪನೆ: ಕುಕಿಯ ಅವಧಿ ಯಾವಾಗ ಮುಗಿಯುತ್ತದೆಂದು ಪುಟ ಹೇಳಬಲ್ಲದು.

ಸತ್ಯ: ಬ್ರೌಸರ್ ಮರಳಿ ಕಳಿಸುವುದು ಹೆಸರು ಮತ್ತು ಬೆಲೆಯನ್ನು ಮಾತ್ರ. ಗೆಟ್‌ಮ್ಯಾಕ್ಸ್‌ಏಜ್ ಕೇಳಿದರೆ ಸಿಗುವುದು -1.

ತಪ್ಪು ಕಲ್ಪನೆ: ಎಚ್‌ಟಿಟಿಪಿ-ಓನ್ಲಿ ಕುಕಿಯನ್ನು ಜೆಎಸ್‌ಪಿ ಓದಲಾರದು.

ಸತ್ಯ: ಆ ನಿರ್ಬಂಧ ಬ್ರೌಸರ್‌ನ ಜಾವಾಸ್ಕ್ರಿಪ್ಟ್‌ಗೆ. ಸರ್ವರ್‌ಗೆ ಅಡ್ಡಿಯಿಲ್ಲ.

ತಪ್ಪು ಕಲ್ಪನೆ: ನಾವೇ ಇಟ್ಟ ಕುಕಿ, ನಂಬಬಹುದು.

ಸತ್ಯ: ಇದು ಎಲ್ಲಕ್ಕಿಂತ ಅಪಾಯದ್ದು. ಡೆವಲಪರ್ ಟೂಲ್ಸ್ ತೆರೆದು ಯಾರು ಬೇಕಾದರೂ ಕುಕಿಯ ಬೆಲೆ ತಿದ್ದಬಹುದು. ‘ಅಡ್ಮಿನ್’ ಎಂದು ಕುಕಿಯಲ್ಲಿ ಬರೆದಿಟ್ಟು ಅದರಂತೆ ಬಾಗಿಲು ತೆರೆಯುವುದು ಬೇಜವಾಬ್ದಾರಿ. ಜೊತೆಗೆ, ಡಾಲರ್ ಚಿಹ್ನೆಯ ನಂತರದ ಆವರಣದೊಳಗೆ ಬರೆದ ಬೆಲೆಯನ್ನು ಜೆಎಸ್‌ಪಿ ಎಸ್ಕೇಪ್ ಮಾಡದೆ ಹಾಗೇ ಅಚ್ಚು ಹಾಕುತ್ತದೆ. ಒಳಗೆ ಸ್ಕ್ರಿಪ್ಟ್ ಅಡಗಿದ್ದರೆ ಅದೂ ಓಡುತ್ತದೆ. ಕುಕಿಯ ಬೆಲೆಯನ್ನು ಪುಟದಲ್ಲಿ ತೋರಿಸಲೇಬೇಕಾದರೆ ಜೆಎಸ್‌ಟಿಎಲ್‌ನ ಸಿ-ಔಟ್ ಟ್ಯಾಗ್‌ನಲ್ಲಿಟ್ಟೇ ತೋರಿಸಿ.